ಮಗಳಿಗೊಂದು ಪತ್ರ: ಆ ಕಾರ್ಡಿನ ಅಕ್ಕಿ ನಿನ್ನ ಪಾಲಿನದು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಒಗ್ಗರಣೆ ಇತ್ತು, ಪಕ್ಕದಲ್ಲಿ ಅಪ್ಪ ಬೇರೆ ಕೂತಿದ್ದರು. "ಕೆಲಸ ಮಾಡೋರಿಗೆ ಮಾತ್ರ ಫುಡ್ ಸ್ಟ್ಯಾಂಪ್ ಅಂದ್ರೆ ತಪ್ಪೇನಮ್ಮ? ಆ ಕಾನೂನು ತೆಗೆಯೋ ಬಿಲ್ ಹೇಗೂ ಪಾಸಾಗಲ್ಲ, ಅದಕ್ಕೆ ನೀನ್ಯಾಕೆ ಸಂಸದರ ಆಫೀಸಿಗೆಲ್ಲ ಫೋನ್ ಮಾಡ್ತಾ ಕೂತಿದೀಯ?" ಅಂದೆಯಲ್ಲ, ಬಡವರು ಆಹಾರ ಕೊಳ್ಳಲಿ ಅಂತ ಅಮೆರಿಕ ಸರ್ಕಾರ ಕೊಡುವ ಆ ದುಡ್ಡಿನ ವಿಷಯ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ. ಕನ್ನಡದಲ್ಲೇ ಬರೆಯುತ್ತೇನೆ, ನಿಧಾನಕ್ಕೆ ಓದು. ಇಂಗ್ಲಿಷಿನಲ್ಲಿ ನಿನ್ನ ಹತ್ತಿರ ವಾದ ಮಾಡಿ ಗೆದ್ದವರುಂಟಾ?

ನಮ್ಮ ಅಂಗಡಿಗೆ ಒಬ್ಬರು ಗುಜರಾತಿ ಅಕ್ಕ ಬರುತ್ತಾರೆ. ಐವತ್ತೇಳು ವರ್ಷ. ಒಂದು ಕಡೆ ಅಡುಗೆ ಕೆಲಸ, ವಾರಕ್ಕೆ 15 ಗಂಟೆ. ಜಾಸ್ತಿ ಗಂಟೆ ಕೊಡಿ ಅಂದರೆ ಕೆಲಸ ಕೊಟ್ಟವರು ಕೊಡಲ್ಲ. ತಿಂಗಳ ಮೊದಲ ವಾರ ಬಂದು ತೊಗರಿಬೇಳೆ, ಸೋನಾ ಮಸೂರಿ, ಹಸಿಮೆಣಸಿನಕಾಯಿ ಕೌಂಟರಿನ ಮೇಲಿಟ್ಟು, ಫುಡ್ ಸ್ಟ್ಯಾಂಪಿನ ದುಡ್ಡು ಬರುವ ಇಬಿಟಿ ಕಾರ್ಡ್ ಉಜ್ಜುತ್ತಾರೆ. ಆ ಕಾರ್ಡಿಗೂ ಅದರದೇ ಶಾಸ್ತ್ರ ಇದೆ. ಫ್ರೀಜರಿನ ಸಮೋಸಕ್ಕೆ ನಡೆಯುತ್ತದೆ, ಗಾಜಿನ ಪೆಟ್ಟಿಗೆಯಲ್ಲಿರುವ ಬಿಸಿ ಸಮೋಸಕ್ಕೆ ನಡೆಯಲ್ಲ. ತೆಂಗಿನಕಾಯಿಗೆ ನಡೆಯುತ್ತದೆ, ಊದಿನಕಡ್ಡಿಗೆ ಇಲ್ಲ. ದೇವರ ಖರ್ಚು ದೇವರೇ ನೋಡಿಕೊಳ್ಳಬೇಕು.

2025ರ ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನು ಇದೆಯಲ್ಲ, ಅದು ಬಂದು ತಗುಲಿದ್ದು ಇಂಥವರಿಗೇ. ಚಿಕ್ಕ ಮಕ್ಕಳಿಲ್ಲದವರು ತಿಂಗಳಿಗೆ 80 ಗಂಟೆ ಕೆಲಸ ತೋರಿಸಬೇಕು ಅನ್ನುವ ಷರತ್ತು ಮೊದಲು 54 ವರ್ಷದವರೆಗೆ ಇತ್ತು. ಈಗ 64. ಮಗುವಿಗೆ 14 ತುಂಬಿದರೆ ತಾಯಿ ತಂದೆಗೂ ಇದೇ ಷರತ್ತು. ತೋರಿಸದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ಕಾರ್ಡ್. ವಾರಕ್ಕೆ 15 ಗಂಟೆ ಅಂದರೆ ತಿಂಗಳಿಗೆ ಎಷ್ಟಾಯಿತು? ಲೆಕ್ಕ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ. ಆ ಅಕ್ಕ ಸೋಮಾರಿ ಅಲ್ಲ, ಅವರಿಗೆ ತಿಂಗಳಿಗೆ ಸುಮಾರು 15 ಗಂಟೆ ಕಡಿಮೆ ಬಿತ್ತು, ಅಷ್ಟೆ. ಇಷ್ಟಕ್ಕೂ ಸಿಗುವುದೆಷ್ಟು? ಒಬ್ಬರಿಗೆ ದಿನಕ್ಕೆ ಸರಾಸರಿ 6 ಡಾಲರ್ ಆಸುಪಾಸು.

ಗಂಟೆ ತುಂಬಿದವರಿಗೂ ಕಷ್ಟ ತಪ್ಪಿದ್ದಲ್ಲ. ಕೆಲಸ ಮಾಡಿದ್ದಕ್ಕೆ ಚೀಟಿಯನ್ನು ಸರ್ಕಾರಿ ಆಫೀಸಿಗೆ ಕಳಿಸಬೇಕು, ಅದು ತಲುಪಬೇಕು, ತಲುಪಿದ್ದನ್ನು ಯಾರಾದರೂ ತೆರೆದು ನೋಡಬೇಕು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತ ನಿನ್ನ ಅಜ್ಜಿ ರೇಷನ್ ಅಂಗಡಿ ಮುಂದೆ ನಿಂತು ಬಯ್ಯುತ್ತಿದ್ದಳು. ಅಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದು ಕ್ಯೂ, ಇಲ್ಲಿ ಫೋನ್ ಹಿಡಿದು ಕ್ಯೂ.

ಇನ್ನು ನಿನಗೆ ಗೊತ್ತಿಲ್ಲದ ವಿಷಯ. ನಾವು 2010ರಲ್ಲಿ ದೊಡ್ಡಪ್ಪ ನಮಗಾಗಿ ಅರ್ಜಿ ಹಾಕಿದ ಗ್ರೀನ್ ಕಾರ್ಡಿನ ಮೇಲೆ ಬಂದೆವು. ನಿನಗೆ ಆಗ ಆರು ವರ್ಷ. ಎರಡನೇ ಚಳಿಗಾಲಕ್ಕೆ ಅಪ್ಪನ ಗೋಡೌನ್ ಕೆಲಸ ಹೋಯಿತು. ಗ್ರೀನ್ ಕಾರ್ಡಿನ ದೊಡ್ಡವರಿಗೆ ಐದು ವರ್ಷ ಆಗುವವರೆಗೆ ಫುಡ್ ಸ್ಟ್ಯಾಂಪ್ ಇಲ್ಲ. ಮಕ್ಕಳಿಗೆ ಮಾತ್ರ ಆ ಕಾಯುವಿಕೆ ಇಲ್ಲ. ಹಾಗಾಗಿ ಮನೆಗೆ ಬಂದ ಕಾರ್ಡಿನ ದುಡ್ಡು ಪೂರ್ತಿ ನಿನ್ನ ಲೆಕ್ಕದ್ದು. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ, ಅದೂ ಎರಡು ಊರು ದಾಟಿ ಹೋಗುತ್ತಿದ್ದರು. ಯಾರಾದರೂ ಕನ್ನಡದವರು ಸಿಕ್ಕಿಬಿಟ್ಟರೆ ಅಂತ. ತಂದ ಹಾಲಿನ ಕ್ಯಾನನ್ನು ಫ್ರಿಜ್ಜಿನಲ್ಲಿ ಬೇರೆ ಕಡೆ ಇಡುತ್ತಿದ್ದರು. "ಇದು ಮಗೂದು" ಅನ್ನುತ್ತಿದ್ದರು. ಕಾಫಿಗೆ ಕೂಡ ಅದನ್ನು ಮುಟ್ಟಲಿಲ್ಲ. ಒಮ್ಮೆ ನಾವು ಕಳಿಸಿದ ಕಾಗದ ಬಂದೇ ಇಲ್ಲ ಅಂತ ಆಫೀಸಿನವರು ಅಂದುಬಿಟ್ಟರು, ಒಂದು ತಿಂಗಳು ಆ ಹಾಲೂ ಇರಲಿಲ್ಲ.

ಆ ದುಡ್ಡು ನಿನಗೆ ಹೇಗೆ ಬಂತು ಗೊತ್ತಾ? 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಗ್ರೀನ್ ಕಾರ್ಡಿನ ಬಹುತೇಕ ಎಲ್ಲರ ಸ್ಟ್ಯಾಂಪೂ ಕಿತ್ತುಕೊಂಡಿತ್ತು, ಮಕ್ಕಳದೂ ಸೇರಿ. 1998ರಲ್ಲಿ ಒಂದಷ್ಟು ಜನರಿಗೆ ವಾಪಸ್ ಬಂತು. 2002ರ ಫಾರ್ಮ್ ಬಿಲ್ಲಿನಲ್ಲಿ, ಅಂದರೆ ಕೃಷಿ ಕಾನೂನಿನಲ್ಲಿ, ಮಕ್ಕಳಿಗೆಲ್ಲ ಬಂತು. ಅದಕ್ಕೆ ಸಹಿ ಹಾಕಿದ್ದು ಬುಷ್, ಟ್ರಂಪ್ ಪಕ್ಷದವರೇ, ರಿಪಬ್ಲಿಕನ್! ಆರು ವರ್ಷದಲ್ಲಿ ಹೋದದ್ದು ತಿರುಗಿ ಬಂತು. ಆ ಆರು ವರ್ಷ ಯಾರ‍್ಯಾರೋ ಫೋನ್ ಮಾಡುತ್ತಾ ಕೂತಿರಲೇಬೇಕು. ಅವರ ಮಕ್ಕಳೂ ಪಾಸಾಗಲ್ಲ ಬಿಡಮ್ಮ ಅಂದಿರಬಹುದು.

ಈಗಿನ ಬಿಲ್ ತಂದವರು ಹೌಸ್, ಅಂದರೆ ಕೆಳಮನೆಯ ಸದಸ್ಯೆ ಜಹಾನಾ ಹೇಯ್ಸ್ ಮತ್ತು ಮೇಲ್ಮನೆಯ ಸೆನೆಟರ್ ಬೆನ್ ರೇ ಲುಹಾನ್. ಹೇಯ್ಸ್ ಮೊದಲು ಸ್ಕೂಲಿನಲ್ಲಿ ಟೀಚರ್ ಆಗಿದ್ದವರು, 2016ರಲ್ಲಿ ಇಡೀ ದೇಶದ ವರ್ಷದ ಟೀಚರ್ ಅಂತ ಆಯ್ಕೆಯಾದವರು. 2025ರ ಕಾನೂನು ಸ್ಟ್ಯಾಂಪಿಗೆ ಹಾಕಿದ ಕತ್ತರಿಯನ್ನು ರದ್ದು ಮಾಡಿ ಅನ್ನುವುದು ಅವರ ಬಿಲ್ಲಿನ ಸಾರ. ಆ ಕತ್ತರಿ ಹತ್ತು ವರ್ಷದಲ್ಲಿ ಸುಮಾರು 18,600 ಕೋಟಿ ಡಾಲರಿನದು. ಹೌಸಿನಲ್ಲಿ 218 ಓಟು ಬೇಕು, ಸೆನೆಟ್ಟಿನಲ್ಲಿ 60, ಮೇಲೆ ಟ್ರಂಪ್ ಸಹಿ. ಈ ಸಲ ಆಗಲ್ಲ ಅಂತ ನನಗೂ ಗೊತ್ತು, ಪುಟ್ಟಿ. ನಿನ್ನ ಹತ್ತಿರ ಅದನ್ನು ಮುಚ್ಚಿಡಲ್ಲ. ಆದರೂ ಊಟದ ಬಿಡುವಿನಲ್ಲಿ ಫೋನ್ ಮಾಡುತ್ತೇನೆ. ಆ ಕಡೆ ಇರುವ ಹುಡುಗಿ ಈಗ ನನ್ನ ಪಿನ್ ಕೋಡ್ ಕೂಡ ಕೇಳಲ್ಲ, ದನಿ ಕೇಳಿಯೇ ಬರೆದುಕೊಳ್ಳುತ್ತಾಳೆ.

ನೀನು ಫೋನ್ ಮಾಡಲೇಬೇಕು ಅಂತ ಏನಿಲ್ಲ. ಕೆಲಸ ಮಾಡೋರಿಗೆ ಮಾತ್ರ ಅನ್ನುವ ಮಾತನ್ನು ಮಾತ್ರ ಇನ್ನೊಂದು ಸಲ ಅಪ್ಪನ ಎದುರಿಗೆ ಆಡಬೇಡ. ಅವತ್ತು ಫೋನ್ ಸ್ಪೀಕರಿನಲ್ಲಿತ್ತು. ಎದ್ದು ಹೋಗಿ ಹಿತ್ತಲಲ್ಲಿ ನಿಂತುಬಿಟ್ಟರು.

ಪಾರ್ಸಲ್ಲಿನಲ್ಲಿ ಚಟ್ನಿಪುಡಿ, ಹುರಿಗಡಲೆ ಇದೆ. ಈ ಕಾಗದದ ವಿಷಯ ಅಪ್ಪನ ಹತ್ತಿರ ಎತ್ತಬೇಡ. ಮುಂದೆ ಎಂದಾದರೂ ಅವರೇ ಹೇಳಿದರೆ, ಮೊದಲ ಸಲ ಕೇಳುತ್ತಿರುವ ಹಾಗೆ ಕೇಳು.

ಇಂತಿ,
ಅಮ್ಮ