ಬಂದೂಕು ಹೋಯಿತು ಅಂತ ಕೈಚೆಲ್ಲಿ ಕೂರಬೇಡ

ಕೊಪ್ಪಳ

ಚಿರಂಜೀವಿ ಬಸವರಾಜನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿ ಅತ್ತಳು. ಆಮೇಲೆ ನೀನು ಮಾತಾಡಿದೆ. ಹೇಳಿದ್ದು ಅರ್ಧ, ಸಿಟ್ಟಿನಲ್ಲಿ ನುಂಗಿದ್ದು ಅರ್ಧ. ನನಗೆ ತಿಳಿದದ್ದು ಇಷ್ಟು. ಸಿಂಧನೂರಿನಿಂದ ಬೈಕಿನಲ್ಲಿ ಬಳ್ಳಾರಿಗೆ ಡ್ಯೂಟಿಗೆ ಹೊರಟಿದ್ದೆ. ತುಂಗಭದ್ರೆ ದಾಟಿದ ಮೇಲೆ ನಾಕಾದಲ್ಲಿ ಪೊಲೀಸರು ತಡೆದರು. ಲೈಸೆನ್ಸ್ ತೋರಿಸಿದೆ. "ಇದು ರಾಯಚೂರು ಡಿಸಿ ಕೊಟ್ಟದ್ದು, ಇಲ್ಲಿ ನಡೆಯಲ್ಲ" ಅಂತ ನಿನ್ನ ಡಬಲ್ ಬ್ಯಾರಲ್ ಇಸಿದುಕೊಂಡರು. ಒಂದು ಚೀಟಿಯನ್ನೂ ಕೊಡಲಿಲ್ಲ. ಇವತ್ತಿಗೆ ನಾಲ್ಕು ದಿನ. ಬಂದೂಕು ಇಲ್ಲದೆ ಡ್ಯೂಟಿಗೆ ಬರಬೇಡ ಅಂತ ಸೆಕ್ಯುರಿಟಿ ಏಜೆನ್ಸಿಯವರು ಹೇಳಿದ್ದಾರೆ.

ಮಿಲಿಟರಿ ಬಿಟ್ಟು ಬಂದವನಿಗೆ ಆ ಬಂದೂಕೇ ಅನ್ನ ಅಂತ ನನಗೆ ಗೊತ್ತು. ಅದಕ್ಕೇ ಬೆಳಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ಮೊದಲು ಲೈಸೆನ್ಸ್ ಪುಸ್ತಕ ತೆಗೆದು ಮೂರು ವಿಷಯ ನೋಡು. ಅವಧಿ ಮುಗಿದಿಲ್ಲ ತಾನೇ? ಯುಐಎನ್, ಅಂದರೆ ಲೈಸೆನ್ಸ್‌ದಾರನ ಗುರುತಿನ ನಂಬರ್, ಇದೆಯಾ? ಯಾವ ಪ್ರದೇಶಕ್ಕೆ ಅಂತ ಬರೆದಿದ್ದಾರೆ? ಮೂರನೆಯದೇ ನಿನ್ನ ಕೇಸಿನ ಜೀವ. ಬರೀ ರಾಯಚೂರು ಜಿಲ್ಲೆ ಅಂತಿದ್ದರೆ ತಪ್ಪು ನಮ್ಮದೇ, ಮಾತೇ ಬೇರೆ. ಇಡೀ ಕರ್ನಾಟಕ ಅಂತಿದ್ದರೆ ಹೊಳೆ ದಾಟಿದಾಗ ಜಿಲ್ಲೆ ಬದಲಾಗುತ್ತದೆ, ಲೈಸೆನ್ಸ್ ಬದಲಾಗುವುದಿಲ್ಲ. ಆಂಧ್ರದ ಗಡಿ ದಾಟಿದ್ದರೆ ಮಾತ್ರ ಅದು ನಡೆಯುತ್ತಿರಲಿಲ್ಲ. ಬಳ್ಳಾರಿಯಲ್ಲಿ ಕೆಲಸ ಮಾಡುವವನು ಇದನ್ನು ಯಾವಾಗಲೂ ನೆನಪಿಡಬೇಕು, ಆ ಗಡಿ ಅಲ್ಲೇ ಪಕ್ಕದಲ್ಲಿದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಂ ನಿನಗೆ ಬಾಯಿಪಾಠ ಆಗಿರಲಿ. ಆಯುಧ ಹಿಡಿದವನಿಗೆ ಲೈಸೆನ್ಸ್ ತೋರಿಸು ಅಂತ ಕೇಳುವ ಅಧಿಕಾರ ಪೊಲೀಸರಿಗೆ ಇದೆ. ತೋರಿಸುವುದು ನಿನ್ನ ಕರ್ತವ್ಯ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು, ಅಗತ್ಯ ಕಂಡರೆ ಆಯುಧ ಜಪ್ತಿ ಮಾಡಬಹುದು. ನೀನು ತೋರಿಸಿದ್ದೀಯ. ಆ ಕಲಂ ಅಡಿಯಲ್ಲಿ ಕಸಿದುಕೊಳ್ಳಲು ಅವರಿಗೆ ಕಾರಣ ಉಳಿಯಲಿಲ್ಲ. ನೀನು ಅಲ್ಲಿ ಬಂದೂಕು ಬಿಗಿಹಿಡಿದು ಜಗಳಕ್ಕೆ ನಿಲ್ಲದೆ ಕೊಟ್ಟು ಬಂದದ್ದು ನನಗೆ ನಿಜವಾಗಿ ಸಮಾಧಾನ ತಂದಿತು. ತೋಟಾ ತುಂಬುವ ಆಯುಧವನ್ನು ಕತ್ತಲಲ್ಲಿ ಆ ಕಡೆ ಈ ಕಡೆ ಎಳೆದಾಡಿದರೆ ಏನಾಗುತ್ತದೆ ಅಂತ ನಿನಗೆ ನಾನು ಹೇಳಬೇಕಿಲ್ಲ.

ಆದರೆ ಚೀಟಿ ಕೇಳಬೇಕಿತ್ತು, ತಮ್ಮಾ. ನಿನ್ನ ತಾತನ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಶೇಂಗಾ ಹೊಲಕ್ಕೆ ಹಂದಿ ಬರುತ್ತವೆ ಅಂತ ಅಪ್ಪನ ಹತ್ತಿರ ಒಂಟಿ ನಳಿಗೆಯ ಬಂದೂಕು ಇತ್ತು. ಒಂದು ಎಲೆಕ್ಷನ್ ಸಮಯದಲ್ಲಿ ಡಿಪಾಜಿಟ್ ಮಾಡಿ ಅಂದರು. ನಾನೇ ಹೆಗಲ ಮೇಲೆ ಹೊತ್ತು ಸ್ಟೇಷನ್ನಿಗೆ ಕೊಟ್ಟು ಬಂದೆ. ಪರಿಚಯದವರು ಇದ್ದರು, ರಸೀದಿ ಕೇಳಲು ಸಂಕೋಚವಾಯಿತು. ಎಲೆಕ್ಷನ್ ಮುಗಿದ ಮೇಲೆ ಹೋದರೆ ರಿಜಿಸ್ಟರಿನಲ್ಲಿ ಅಪ್ಪನ ಹೆಸರೇ ಇಲ್ಲ. ಕೈಗೆ ಬರಲು ಎರಡು ವರ್ಷ ಹಿಡಿಯಿತು. ಹಿಡಿಕೆಗೆ ಸುತಳಿ ದಾರದಲ್ಲಿ ಯಾರದೋ ಹೆಸರಿನ ರಟ್ಟು ಕಟ್ಟಿದ್ದರು. ನಳಿಗೆಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಅಪ್ಪ ಕಡ್ಡಿ ಹಾಕಿ ಆ ಮಣ್ಣು ಕೆದರುತ್ತಾ ಒಂದು ಮಾತೂ ಆಡಲಿಲ್ಲ. ವಕೀಲರ ಹತ್ತಿರ ಗುಮಾಸ್ತನಾಗಿದ್ದ ಮಗ ರಸೀದಿ ಇಲ್ಲದೆ ಬಂದನಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಹಾಗಾಗಿ ಕಾಗದ ಹುಟ್ಟಿಸುವುದೇ ನಿನ್ನ ಮೊದಲ ಕೆಲಸ. ಇವತ್ತೇ ಕೂತು ನೆನಪಿರುವುದನ್ನೆಲ್ಲ ಬರೆದಿಡು. ಎಷ್ಟು ಗಂಟೆ, ಯಾವ ಜಾಗ, ಅಂಗಿಯ ಮೇಲಿದ್ದ ಹೆಸರು, ಜೀಪಿನ ನಂಬರ್, ಆಡಿದ ಮಾತು ಇದ್ದ ಹಾಗೇ. ಪಕ್ಕದ ಚಹಾ ಅಂಗಡಿಯಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಈಗಲೇ ಹೋಗಿ ಕೇಳು. ಅದರಲ್ಲಿ ಹಳೆಯದು ಜಾಸ್ತಿ ದಿನ ಉಳಿಯುವುದಿಲ್ಲ.

ಆಮೇಲೆ ಸ್ಟೇಷನ್ನಿಗೆ ಒಂದು ಅರ್ಜಿ. ಸಿಟ್ಟಿನ ಮಾತು ಬೇಡ. ಇಂಥ ನಂಬರಿನ ಬಂದೂಕನ್ನು ಇಂಥ ದಿನ ತೆಗೆದುಕೊಂಡಿದ್ದೀರಿ, ಯಾವ ಕಲಂ ಅಡಿಯಲ್ಲಿ, ಎಫ್‌ಐಆರ್ ಆಗಿದೆಯಾ, ಪಂಚನಾಮೆ ಎಲ್ಲಿ, ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಿದೆಯಾ, ಅಷ್ಟೇ ಕೇಳು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಪ್ರಕಾರ ಜಪ್ತಿ ಮಾಡಿದರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಲೇಬೇಕು. ಜಪ್ತಿಯ ವಿಡಿಯೋ ತೆಗೆಯಬೇಕು ಅಂತ 105ನೇ ಕಲಂ ಹೇಳುತ್ತದೆ. ಅರ್ಜಿಯ ಪ್ರತಿಯ ಮೇಲೆ ಸೀಲು ಹಾಕಿಸಿಕೋ, ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಕೇಳು. ತೆಗೆದುಕೊಳ್ಳದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸು. ಲೈಸೆನ್ಸ್ ಕೊಟ್ಟ ರಾಯಚೂರು ಡಿಸಿ ಕಚೇರಿಗೂ ಒಂದು ಪ್ರತಿ ಹೋಗಲಿ. ನಾಳೆ ಬಂದೂಕು ಎಲ್ಲಿ ಅಂತ ಅವರು ನಿನ್ನನ್ನೇ ಕೇಳುತ್ತಾರೆ.

ಅಷ್ಟಕ್ಕೂ ಕೊಡದಿದ್ದರೆ ಕೋರ್ಟು. ಮ್ಯಾಜಿಸ್ಟ್ರೇಟರ ಮುಂದೆ ಬಂದೂಕು ಬಿಡಿಸಿಕೊಡಿ ಅಂತ ಅರ್ಜಿ ಹಾಕುವುದು. ಕೇಸು ನಡೆಯುತ್ತಿದ್ದರೆ ಅದೇ ಹೊಸ ಸಂಹಿತೆಯ 497ನೇ ಕಲಂ, ಇಲ್ಲದಿದ್ದರೆ 503. ಹಳೆಯ ವಕೀಲರು ಇನ್ನೂ ಹಳೆಯ ಸಂಹಿತೆಯ ನಂಬರಿನಲ್ಲಿ 451, 457 ಅಂತಲೇ ಅನ್ನುತ್ತಾರೆ, ಗಲಿಬಿಲಿ ಆಗಬೇಡ. ಜಪ್ತಿಯಾದ ವಸ್ತು ಸ್ಟೇಷನ್ನಿನಲ್ಲಿ 15 ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಜಾಸ್ತಿ ಕೊಳೆಯಬಾರದು ಅಂತ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ನಾವು ಅದನ್ನೇ ಹಿಡಿಯೋಣ. ಅದೂ ಫಲಿಸದಿದ್ದರೆ ಹೈಕೋರ್ಟಿಗೆ ರಿಟ್. ಘಟನೆ ಬಳ್ಳಾರಿ ಜಿಲ್ಲೆಯಲ್ಲಿ ಆಗಿರುವುದರಿಂದ ಧಾರವಾಡ ಪೀಠ, ಕಲಬುರಗಿ ಅಲ್ಲ.

ಒಂದು ಭಯ ನನಗಿದೆ. ತಮ್ಮ ತಪ್ಪು ಮುಚ್ಚಲು ಲೈಸೆನ್ಸನ್ನೇ ಅಮಾನತು ಮಾಡಿ ಅಂತ ಅವರು ಬರೆದರೂ ಬರೆಯಬಹುದು. ಅದು ಸುಮ್ನೆ ಆಗುವ ಕೆಲಸವಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಂ ಪ್ರಕಾರ ಕಾರಣ ಬರೆದು ಆದೇಶ ಮಾಡಬೇಕು. ಅದರ ಮೇಲೆ 18ನೇ ಕಲಂ ಪ್ರಕಾರ ಅಪೀಲು ಇದೆ. ಅಪೀಲಿಗೆ ಗಡುವು ಇರುತ್ತದೆ, ಆದೇಶ ಕೈಗೆ ಬಂದ ದಿನವೇ ನನಗೆ ಫೋನ್ ಮಾಡು.

ಆ ಪೊಲೀಸರ ಮೇಲೆ ಕೇಸು ಹಾಕಬೇಕು, ಪರಿಹಾರ ಕೇಳಬೇಕು ಅಂತ ನೀನು ಹಲ್ಲು ಕಚ್ಚಿ ಹೇಳಿದೆ. ಆ ದಾರಿಯೂ ಇದೆ. ಸರ್ಕಾರದ ಮೇಲೆ ದಾವೆ ಹಾಕಲು ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದು. ಆದರೆ ನನ್ನ ಮಾತು ಕೇಳು, ಮೊದಲು ಬಂದೂಕು ಮನೆಗೆ ಬರಲಿ. ಎರಡನ್ನೂ ಒಟ್ಟಿಗೆ ಹಿಡಿದು ಎರಡನ್ನೂ ಕಳೆದುಕೊಂಡವರನ್ನು ನಾನು ಕೋರ್ಟಿನ ಆವರಣದಲ್ಲಿ ನೋಡಿದ್ದೇನೆ. ಅಲ್ಲಿಯವರೆಗೆ ವಾಟ್ಸಾಪಿನಲ್ಲಿ ಯಾರ ಹೆಸರನ್ನೂ ಎತ್ತಬೇಡ.

ಭಾನುವಾರ ಕೊಪ್ಪಳಕ್ಕೆ ಬಾ. ಲೈಸೆನ್ಸ್ ಪುಸ್ತಕದ ಎಲ್ಲ ಪುಟಗಳ ಜೆರಾಕ್ಸ್ ಮೂರು ಸೆಟ್, ಬಂದೂಕು ಕೊಂಡ ಬಿಲ್ಲು, ಮಿಲಿಟರಿಯ ಡಿಸ್ಚಾರ್ಜ್ ಪುಸ್ತಕ, ಡ್ಯೂಟಿಯ ಪತ್ರ ತಾ. ಅರ್ಜಿ ನಾನೇ ನನ್ನ ಕೈಯಾರೆ ಬರೆದುಕೊಡುತ್ತೇನೆ. ಸೋಮವಾರ ಸ್ಟೇಷನ್ನಿಗೆ ನಿನ್ನ ಜೊತೆ ನಾನೂ ಬರುತ್ತೇನೆ. ಅಕ್ಕನಿಗೆ ಅಳಬೇಡ ಅಂತ ಹೇಳು.

ನಿನ್ನ ಮಾವ