ಲೋಬೆಡ್ ಲೋಡಿಂಗ್‌ನಲ್ಲಿ ಬದಲಾವಣೆ: ಇನ್ನು ಮುಂದೆ ಆಕ್ಸಲ್‌ವಾರು ತೂಕ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಿಮ್ಮ ಯಂತ್ರವನ್ನು ಲೋಬೆಡ್ ಟ್ರೈಲರ್‌ಗೆ (ಭಾರಿ ಯಂತ್ರ ಸಾಗಿಸುವ ತಗ್ಗು ಹಲಗೆಯ ಟ್ರೈಲರ್) ಹತ್ತಿಸಿ, ಚೈನ್ ಬಿಗಿದ ಕೂಡಲೇ ಗಾಡಿ ಊರು ಬಿಡುವುದಿಲ್ಲ. ಮೊದಲು ವೇಬ್ರಿಡ್ಜ್‌ಗೆ ಹೋಗುತ್ತದೆ. ಎಳೆಯುವ ಗಾಡಿಯ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು), ಅದರ ಡ್ರೈವ್ ಆಕ್ಸಲ್‌ಗಳು (ಎಂಜಿನ್ ತಿರುಗಿಸುವ ಹಿಂದಿನ ಅಚ್ಚುಗಳು), ಟ್ರೈಲರ್‌ನ ಹಿಂದಿನ ಆಕ್ಸಲ್‌ಗಳು, ಹೀಗೆ ಮೂರು ಕಡೆಯ ತೂಕವನ್ನು ಬೇರೆ ಬೇರೆಯಾಗಿ ನೋಡುತ್ತೇವೆ. ಎಲ್ಲಾದರೂ ಒಂದು ಕಡೆ ಜಾಸ್ತಿ ಬಂದರೆ, ಸಮತಟ್ಟಾದ ಜಾಗಕ್ಕೆ ತಂದು ಚೈನ್ ಬಿಚ್ಚಿ, ಯಂತ್ರವನ್ನು ಸರಿಸಿ ಮತ್ತೆ ತೂಗುತ್ತೇವೆ. ಇದಕ್ಕೆ ಸಮಯ ಹಿಡಿಯುತ್ತದೆ. ಬುಕ್ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

'ಒಟ್ಟು ತೂಕ ಮಿತಿಯೊಳಗೇ ಇದೆಯಲ್ಲ, ಮತ್ತೇನು ತಕರಾರು?' ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಆದರೆ ಟೈರಿಗೆ ಒಟ್ಟು ತೂಕ ಕಟ್ಟಿಕೊಂಡು ಏನಾಗಬೇಕು? ತನ್ನ ಮೇಲೆ ಎಷ್ಟು ಕೂತಿದೆ ಅನ್ನುವುದಷ್ಟೇ ಅದಕ್ಕೆ ಮುಖ್ಯ. ಭಾರ ಜಾಸ್ತಿಯಾದರೆ ಬಿಸಿಯಾಗುತ್ತದೆ, ಕೊನೆಗೆ ಸಿಡಿಯುತ್ತದೆ. ರಸ್ತೆಯದೂ ಅದೇ ಕಥೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಓಡಿಸಿ ನಡೆಸಿದ ಪರೀಕ್ಷೆಯಿಂದ ಬಂದ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: ಒಂದು ಆಕ್ಸಲ್ ಮೇಲಿನ ಭಾರ ಶೇ. 20 ಹೆಚ್ಚಾದರೆ ರಸ್ತೆಗೆ ಆಗುವ ಹಾನಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ.

ಯಂತ್ರ ಸ್ವಲ್ಪ ಹಿಂದೆ ಮುಂದೆ ನಿಂತರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಟ್ರೈಲರ್‌ನ ಮುಂಭಾಗವನ್ನು ಎಳೆಯುವ ಗಾಡಿಗೆ ಜೋಡಿಸುವ ಪಿನ್ನಿಗೆ ಕಿಂಗ್‌ಪಿನ್ ಅನ್ನುತ್ತಾರೆ; ಅದರ ಮೇಲಿನ ಭಾರ ಬಹುಪಾಲು ಡ್ರೈವ್ ಆಕ್ಸಲ್‌ಗಳ ಮೇಲೆ ಬೀಳುತ್ತದೆ. ಕಿಂಗ್‌ಪಿನ್‌ನಿಂದ ಟ್ರೈಲರ್ ಆಕ್ಸಲ್‌ಗಳ ನಡುಮಧ್ಯಕ್ಕೆ 9 ಮೀಟರ್ ಇದೆ ಅಂತಿಟ್ಟುಕೊಳ್ಳಿ. ಮೇಲೆ 27 ಟನ್ನಿನ ಯಂತ್ರ. ಅದನ್ನು 30 ಸೆಂಟಿಮೀಟರ್, ಅಂದರೆ ಸುಮಾರು ಒಂದಡಿ, ಹಿಂದಕ್ಕೆ ಸರಿಸಿದರೆ ಕಿಂಗ್‌ಪಿನ್ ಮೇಲಿದ್ದ 900 ಕೆಜಿ ಟ್ರೈಲರ್ ಆಕ್ಸಲ್‌ಗಳ ಮೇಲೆ ಹೋಗಿ ಕೂರುತ್ತದೆ. ಬರೀ ಒಂದಡಿಗೆ! ಕಣ್ಣಂದಾಜಿಗೆ ಇದು ಸಿಗುವ ಮಾತಲ್ಲ, ಎಷ್ಟೇ ಪಳಗಿದ ಡ್ರೈವರ್ ಆದರೂ.

ಹಾಗಂತ ಎಲ್ಲವನ್ನೂ ಹಿಂದಕ್ಕೆ ತಳ್ಳಿದರೂ ಆಗುವುದಿಲ್ಲ. ಕಿಂಗ್‌ಪಿನ್ ಮೇಲೆ ಭಾರ ಕಮ್ಮಿಯಾದರೆ ಏರು ರಸ್ತೆಯಲ್ಲಿ ಡ್ರೈವ್ ಟೈರುಗಳಿಗೆ ಹಿಡಿತ ಸಿಗದೆ ಸುಮ್ನೆ ತಿರುಗುತ್ತವೆ. ಟ್ರೈಲರ್‌ನ ಬಾಲ ಅತ್ತಿತ್ತ ಆಡಲು ಶುರುವಾಗುತ್ತದೆ. ಮುಂದಕ್ಕೆ ಜಾಸ್ತಿ ಹಾಕಿದರೆ ಡ್ರೈವ್ ಆಕ್ಸಲ್ ಮಿತಿ ಮೀರುತ್ತದೆ.

ಎಕ್ಸ್‌ಕವೇಟರ್ ಇರುವವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಅದರ ಭಾರ ಟ್ರ್ಯಾಕಿನ (ಚಕ್ರದ ಬದಲು ಇರುವ ಪಟ್ಟಿ) ನಡುಮಧ್ಯಕ್ಕೆ ಸರಿಯಾಗಿ ಇರುವುದಿಲ್ಲ. ಒಂದು ಕಡೆ ಕೌಂಟರ್‌ವೇಟ್ (ಸಮತೋಲನಕ್ಕೆ ಹಿಂದೆ ಇಟ್ಟ ಭಾರ), ಇನ್ನೊಂದು ಕಡೆ ಬೂಮ್ (ಉದ್ದದ ತೋಳು) ಮತ್ತು ಬಕೆಟ್. ಟ್ರ್ಯಾಕ್ ಇದ್ದಲ್ಲೇ ಇದ್ದು ಮೇಲಿನ ಭಾಗ ಮಾತ್ರ ತಿರುಗಿದರೂ ಆಕ್ಸಲ್ ತೂಕ ಬದಲಾಗುತ್ತದೆ. ಬೂಮ್ ಚಾಚಿದ್ದಕ್ಕೂ ಮಡಿಚಿದ್ದಕ್ಕೂ ವ್ಯತ್ಯಾಸ ಇದೆ. ಬಕೆಟ್ ತೆಗೆದು ರಾಕ್ ಬ್ರೇಕರ್ ಹಾಕಿದ್ದರಂತೂ ಹಳೆಯ ಲೆಕ್ಕ ಪೂರ್ತಿ ಕೆಡುತ್ತದೆ. ಆದ್ದರಿಂದ ಯಾವ ದಿಕ್ಕಿಗೆ ಮುಖ ಮಾಡಿ ಹತ್ತಿಸಬೇಕು, ಬೂಮ್ ಎಲ್ಲಿ ಇಳಿಸಬೇಕು ಅನ್ನುವುದನ್ನು ಇನ್ನು ನಮ್ಮ ಲೋಡಿಂಗ್ ಮೇಸ್ತ್ರಿ ಹೇಳುತ್ತಾರೆ. ನಿಮ್ಮ ಆಪರೇಟರ್‌ಗೆ ದಯವಿಟ್ಟು ಮೊದಲೇ ತಿಳಿಸಿಡಿ. ಇಬ್ಬರೂ ಟ್ರೈಲರ್ ಪಕ್ಕದಲ್ಲಿ ನಿಂತು ವಾದ ಮಾಡುವುದು ಯಾರಿಗೂ ಬೇಡ, ಅಲ್ವಾ?

ಸರಿಯಾದ ಜಾಗ ಸಿಕ್ಕ ಮೇಲೆ ಟ್ರ್ಯಾಕ್ ನಿಂತ ಕಡೆ ಟ್ರೈಲರ್ ಹಲಗೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆಯುತ್ತೇವೆ. ಅದೇ ಯಂತ್ರ, ಅದೇ ಬಕೆಟ್, ಅದೇ ಟ್ರೈಲರ್ ಆದರೆ ಮುಂದಿನ ಸಲ ಆ ಗೆರೆಗೇ ತಂದು ನಿಲ್ಲಿಸಬಹುದು, ಕೆಲಸ ಬೇಗ ಮುಗಿಯುತ್ತದೆ. ಆದರೂ ತೂಕ ನೋಡುವುದನ್ನು ಬಿಡುವುದಿಲ್ಲ.

ನಿಮ್ಮಿಂದ ನಮಗೆ ಬೇಕಾದದ್ದು ಇಷ್ಟು. ಬುಕ್ ಮಾಡುವಾಗ ಯಂತ್ರದ ಮಾಡೆಲ್ ಹೇಳಿ. ಈಗ ಅದಕ್ಕೆ ಏನೇನು ಜೋಡಿಸಿದ್ದೀರಿ ಅನ್ನುವುದನ್ನೂ ಹೇಳಿ, ಕಂಪನಿಯ ಪುಸ್ತಕದಲ್ಲಿ ಇರುವುದನ್ನಲ್ಲ. ಟ್ರ್ಯಾಕಿಗೆ ಅಂಟಿದ ಮಣ್ಣನ್ನು ಕೆರೆದು ತೆಗೆಸಿ. ಒದ್ದೆ ಮಣ್ಣು ಒಂದು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ, ದಾರಿಯುದ್ದಕ್ಕೂ ಉದುರುವುದು ಬೇರೆ. ಡೀಸೆಲ್ ಟ್ಯಾಂಕ್ ತುಂಬಿಸಿ ಕಳಿಸಬೇಡಿ. 400 ಲೀಟರ್ ಅಂದರೆ ಸುಮಾರು 340 ಕೆಜಿ. ಹತ್ತಲು ಇಳಿಯಲು ಬೇಕಾದಷ್ಟಿದ್ದರೆ ಸಾಕು. ಬಿಡಿ ಬಕೆಟ್, ಬ್ರೇಕರ್ ಇದ್ದರೆ ಹಿಂದಿನ ದಿನವೇ ತಿಳಿಸಿ. ಅದನ್ನು ಟ್ರೈಲರ್‌ನ ಯಾವ ತುದಿಗೆ ಇಡಬೇಕು, ಅಥವಾ ಬೇರೆ ಗಾಡಿಯಲ್ಲಿ ಕಳಿಸಬೇಕೇ ಅಂತ ನೋಡಿ ಹೇಳುತ್ತೇವೆ.

ತೂಕದ ಚೀಟಿಯ ಒಂದು ಪ್ರತಿಯನ್ನು ಪ್ರತಿ ಸಲ ಬಿಲ್ ಜೊತೆ ನಿಮಗೂ ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಾಗಣೆ ಮತ್ತು ಲೋಡಿಂಗ್ ವಿಭಾಗ