ರಾತ್ರಿಯೆಲ್ಲ ನಾಡಿ ಎಣಿಸುವ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಸಿಜಿಯಲ್ಲಿ ಎರಡನೇ ಹಂತದ ಬ್ಲಾಕ್, ಅಂದರೆ ಹೃದಯದ ವಿದ್ಯುತ್ ಸಂದೇಶಕ್ಕೆ ತಡೆ, ಕಾಣಿಸಿದ್ದು, ದಿನವಿಡೀ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಸಿಕೊಂಡು ಮರುದಿನ ಬಿಚ್ಚಿಕೊಟ್ಟದ್ದು, ಈಗ ವರದಿಗಾಗಿ ಕಾಯುತ್ತಿರುವುದು ಎಲ್ಲವನ್ನೂ ನಿನ್ನ ಅಮ್ಮ ಮೊದಲೇ ಹೇಳಿದ್ದಳು. ನನ್ನ ಎದೆಯೊಳಗಿದ್ದು ಬಡಿತವನ್ನು ಕಾಯುವ ಪೇಸ್‌ಮೇಕರಿನ ಕಥೆ ನಿನಗೂ ಗೊತ್ತಿರುವುದೇ. ಆದ್ದರಿಂದ ಅವನ್ನು ಬಿಡುತ್ತೇನೆ. ಪತ್ರದ ಕೊನೆಯಲ್ಲಿ ಅಕ್ಷರ ಸಣ್ಣದು ಮಾಡಿ ನೀನು ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ನಿದ್ದೆ ಹೋದರೆ ಎದೆಬಡಿತ ನಿಂತೇ ಹೋಗುತ್ತದೆಯೇನೋ ಎಂಬ ಭಯದಲ್ಲಿ ಬೆಳಗಿನ ಜಾವದವರೆಗೂ ಮಣಿಕಟ್ಟು ಹಿಡಿದು ಕೂತಿರುತ್ತೇನೆ ಎಂದಿದ್ದೀಯೆ.

ನಾನೂ ಹಾಗೆ ಕೂತವನು. ಆಗ ಯಾರಾದರೂ ನನಗೆ ಹೇಳಬೇಕಿದ್ದ ಮಾತನ್ನು ಈಗ ನಿನಗೆ ಹೇಳುತ್ತೇನೆ. ನಿದ್ದೆಯಲ್ಲಿ ನಿಧಾನವಾಗುವುದು ಹೃದಯದ ಸ್ವಭಾವ. ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ರಾತ್ರಿ ಬಿಗಿಯಾಗುವುದರಿಂದ, ಹಗಲಲ್ಲಿ ನಿಮಿಷಕ್ಕೆ 70 ಸಲ ಬಡಿಯುವ ಆರೋಗ್ಯವಂತ ಯುವಕನ ಹೃದಯವೂ ಗಾಢನಿದ್ದೆಯಲ್ಲಿ 40ರ ಆಸುಪಾಸಿಗೆ ಇಳಿಯುವುದುಂಟು. ಎರಡನೇ ಹಂತದ ಬ್ಲಾಕಿನಲ್ಲಿಯೂ ಎರಡು ಬಗೆಗಳಿವೆ. ಮೇಲಿನ ಕೋಣೆಯ ವಿದ್ಯುತ್ ಸಂದೇಶ ಕೆಳಗಿನ ಕೋಣೆಗೆ ತಲುಪಲು ಸಲಸಲಕ್ಕೂ ಇನ್ನಷ್ಟು ತಡಮಾಡಿ, ಕೊನೆಗೊಂದು ಬಡಿತ ತಪ್ಪಿ, ಮತ್ತೆ ಮೊದಲಿನಿಂದ ಶುರುವಾಗುವುದು ವೆಂಕೆಬಾಕ್ ಎಂಬ ಬಗೆ. ಇದು ಏನೂ ಕಾಯಿಲೆಯಿಲ್ಲದವರಲ್ಲೂ ನಿದ್ದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ಮುನ್ಸೂಚನೆಯೇ ಇಲ್ಲದೆ ಬಡಿತ ತಪ್ಪುತ್ತದೆ, ಅದಕ್ಕೆ ವೈದ್ಯರು ಸಾಮಾನ್ಯವಾಗಿ ಪೇಸ್‌ಮೇಕರ್ ಬೇಕೆನ್ನುತ್ತಾರೆ. ನಿನ್ನದು ಯಾವುದೆಂಬುದನ್ನು ಹೇಳಬೇಕಾದದ್ದು ವರದಿ. ಬೆರಳಿಗೆ ಸಿಗುವುದು ಎರಡರಲ್ಲೂ ಒಂದೇ, ತಪ್ಪಿದ ಬಡಿತ. ರಾತ್ರಿಯೆಲ್ಲ ಎಣಿಸಿದರೂ ಅದಕ್ಕಿಂತ ಹೆಚ್ಚಿನದೇನೂ ನಿನಗೆ ತಿಳಿಯುವುದಿಲ್ಲ.

ಅಂದಹಾಗೆ, ಬ್ಲಾಕ್ ಎಂಬ ಮಾತು ಕೇಳಿದೊಡನೆ ಎಣ್ಣೆ ಬಿಡು, ತುಪ್ಪ ಬಿಡು ಎಂದು ಉಪದೇಶಿಸುವವರು ನಿನಗೂ ಸಿಕ್ಕಿರಬೇಕು. ಅವರು ರಕ್ತನಾಳ ಕಟ್ಟಿಕೊಳ್ಳುವುದರ ಬಗ್ಗೆ ಹೇಳುತ್ತಿರುತ್ತಾರೆ. ನಿನ್ನ ತೊಂದರೆ ಇರುವುದು ಸಂದೇಶ ಸಾಗುವ ದಾರಿಯಲ್ಲಿ.

ಮತ್ತೆ ಅದೇ ಭಯಕ್ಕೆ ಬರುತ್ತೇನೆ. ಮೇಲಿನಿಂದ ಸಂದೇಶ ಬಾರದೆ ಹೋದರೆ ಹೃದಯ ಸಾಮಾನ್ಯವಾಗಿ ಸುಮ್ಮನೆ ಕೂರುವುದಿಲ್ಲ. ಮೇಲಿನ, ಕೆಳಗಿನ ಕೋಣೆಗಳ ನಡುವಿನ ಗಂಟಿನ ಬಳಿಯ ಜೀವಕೋಶಗಳು ನಿಮಿಷಕ್ಕೆ 40ರಿಂದ 60ರ ಲೆಕ್ಕದಲ್ಲಿ ತಾವೇ ಬಡಿತ ಹುಟ್ಟಿಸಬಲ್ಲವು. ಅವೂ ಕೈಬಿಟ್ಟರೆ ಕೆಳಗಿನ ಕೋಣೆಗಳು 20ರಿಂದ 40ರ ಲೆಕ್ಕದಲ್ಲಿ ಎಳೆದುಕೊಂಡು ಹೋಗುತ್ತವೆ. ಆ ಕೊನೆಯ ಆಸರೆಯನ್ನು ಪೂರ್ತಿ ನಂಬಿಕೊಂಡು ಕೂರುವಂತಿಲ್ಲ, ಯಂತ್ರ ಹಾಕುವುದು ಅದಕ್ಕಾಗಿಯೇ. ಇದನ್ನು ಮುಚ್ಚಿಟ್ಟು ನಿನ್ನನ್ನು ಸಮಾಧಾನಪಡಿಸಲು ನನಗೆ ಮನಸ್ಸಿಲ್ಲ.

ಏಕೆಂದರೆ ಮುಚ್ಚಿಟ್ಟು ಕೆಟ್ಟವನು ನಾನು. ಹೋಲ್ಟರ್ ಕಟ್ಟುವಾಗ ಅದರ ಜೊತೆಗೊಂದು ದಿನಚರಿಯ ಹಾಳೆ ಕೊಟ್ಟು, ಯಾವ ಹೊತ್ತಿಗೆ ಏನನ್ನಿಸಿತೆಂದು ಬರೆಯಲು ಹೇಳಿದ್ದರಲ್ಲ, ಅದರಲ್ಲಿ ನಾನು ಊಟ, ನಡಿಗೆ, ನಿದ್ದೆ ಎಂದಷ್ಟೇ ಬರೆದೆ. ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದದ್ದನ್ನು ಬರೆಯಲಿಲ್ಲ. ಅದಕ್ಕೂ ಮೊದಲು ಎರಡು ಸಲ ಎಚ್ಚರ ತಪ್ಪಿ ಬಿದ್ದದ್ದನ್ನು ವೈದ್ಯರಿಗೂ ಹೇಳಲಿಲ್ಲ, ನಿನ್ನ ಅತ್ತೆಗೂ ಹೇಳಲಿಲ್ಲ. ಹೇಳಿದರೆ ಎದೆ ಸೀಳಿ ಯಂತ್ರ ಇಡುತ್ತಾರೆಂಬ ಹೆದರಿಕೆ. ಆ ಒಂದು ದಿನ ಹೃದಯವೂ ನನ್ನ ಜೊತೆ ಸೇರಿ ಸುಳ್ಳು ಹೇಳಿತು, ವರದಿಯಲ್ಲಿ ದೊಡ್ಡದೇನೂ ಸಿಗಲಿಲ್ಲ. ಆಮೇಲಿನ ಹನ್ನೊಂದು ತಿಂಗಳು ರಾತ್ರಿ ನಾಡಿ ಎಣಿಸುವುದೇ ನನ್ನ ಕೆಲಸವಾಯಿತು, ಹಗಲು ಎಲ್ಲರ ಮೇಲೆ ರೇಗುವುದು ಇನ್ನೊಂದು ಕೆಲಸ. ಕತ್ತಲಲ್ಲಿ ಪಕ್ಕದಲ್ಲೇ ಎಚ್ಚರವಾಗಿ ಮಲಗಿದ್ದ ನಿನ್ನ ಅತ್ತೆ ನಾನು ತುಟಿಯಲ್ಲಿ ಎಣಿಸುವುದನ್ನು ಅಷ್ಟೂ ದಿನ ಕೇಳಿಸಿಕೊಂಡಿದ್ದಳೆಂಬುದು ನನಗೆ ತಿಳಿದದ್ದು ಮೂರನೇ ಸಲ ಬಿದ್ದ ಮೇಲೆ, ಆಸ್ಪತ್ರೆಯಲ್ಲಿ. ಯಂತ್ರ ಇಟ್ಟದ್ದು ಕಾಲರ್ ಎಲುಬಿನ ಕೆಳಗೆ ಒಂದು ಸಣ್ಣ ಗಾಯ ಮಾಡಿ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು. ಎದೆ ಸೀಳಲೇ ಇಲ್ಲ.

ಹಾಸಿಗೆಯಲ್ಲಿದ್ದಾಗ ಆರ್ನೆ ಲಾರ್ಸನ್ ಎಂಬಾತನ ಬಗ್ಗೆ ಓದಿದೆ. ಸ್ವೀಡನ್ನಿನಲ್ಲಿ 1958ರಲ್ಲಿ ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲಿಗ ಆತ; ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಆದರೂ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಒಂದಾದ ಮೇಲೊಂದರಂತೆ ಬದಲಿಸಿಕೊಳ್ಳುತ್ತಾ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನಿಗೂ ರಾತ್ರಿಗಳಿದ್ದಿರಬೇಕಲ್ಲ ಎಂದು ಆಗ ಅನ್ನಿಸಿತ್ತು.

ನಾನು ವೈದ್ಯನಲ್ಲ, ಬುದ್ಧಿ ಹೇಳುವ ಯೋಗ್ಯತೆಯೂ ಕಡಿಮೆ. ಆದರೂ ವರದಿ ಬರುವವರೆಗೆ ಗಾಡಿ ಓಡಿಸಬೇಡ, ಸ್ನಾನದ ಮನೆಯ ಚಿಲಕ ಹಾಕಿಕೊಳ್ಳಬೇಡ. ಬೇರೆ ಯಾವ ವೈದ್ಯರು ಮಾತ್ರೆ ಬರೆದರೂ ಬ್ಲಾಕ್ ಇದೆಯೆಂದು ಮೊದಲೇ ತಿಳಿಸು, ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್‌ನಂಥ ಕೆಲವು ಮಾತ್ರೆಗಳು ಬಡಿತವನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಎಚ್ಚರ ತಪ್ಪಿದರೆ ಮಾತ್ರ ವರದಿಗೆ ಕಾಯಬೇಡ, ಆಗಲೇ ಆಸ್ಪತ್ರೆಗೆ ಹೋಗು.

ರಾತ್ರಿಯ ಬಗ್ಗೆ ನನಗೆ ಸರಿಯಾದ ಮದ್ದು ತಿಳಿಯದು. ಎಚ್ಚರವಿದ್ದು ಕಾಯುವುದರಿಂದ ಹೃದಯಕ್ಕೆ ಯಾವ ಸಹಾಯವೂ ಆಗುವುದಿಲ್ಲವೆಂದು ತಿಳಿದ ಮೇಲೂ ನನ್ನ ಬೆರಳು ಎಷ್ಟೋ ದಿನ ಮಣಿಕಟ್ಟಿಗೆ ಹೋಗುತ್ತಿತ್ತು. ಇವತ್ತಿಗೂ ಮೂರು ಗಂಟೆಗೆ ಎಚ್ಚರವಾಗುತ್ತದೆ. ಆ ಹೊತ್ತಿಗೆ ಫೋನ್ ಮಾಡಿದರೆ ನನ್ನನ್ನು ಎಬ್ಬಿಸಿದಂತಾಗುವುದಿಲ್ಲ. ಆದರೆ ನಿನ್ನ ದಿನಚರಿಯ ಹಾಳೆಯಲ್ಲಿ ಏನನ್ನಾದರೂ ಬಿಟ್ಟಿದ್ದರೆ, ವರದಿ ಓದುವ ಮೊದಲೇ ಅದನ್ನು ವೈದ್ಯರಿಗೆ ಹೇಳಿಬಿಡು, ಹೇಳಿದೆನೆಂದು ನನಗೆ ಎರಡು ಸಾಲು ಬರೆ.

ಇತಿ,
ನಿನ್ನ ಮಾವ